ನಾಲಿಗೆ ತುದಿಯ ಜರಿ

ಔಷಧಿ ಬಾಟಲಿಯ ಆ ಕೆಂಪು ಮುಚ್ಚಳವನ್ನು ಯಾರಾದರೂ ಮೇಜಿನ ಮೇಲಿಂದ ತೆಗೆಯಬಾರದೇ, ಚಳ್ಳಕೆರೆಯ ಈ ಆಸ್ಪತ್ರೆಯಲ್ಲಿ ಎಲ್ಲ ಬಿಟ್ಟು ಅದೊಂದೇ ರಂಜಿತಾಳ ಕಣ್ಣಿಗೆ ಬೀಳುತ್ತಿದೆ, ಡಾಕ್ಟರು ಅದನ್ನೇ ಮಗಳು ಲಾಸ್ಯಳ ಮುಂದೆ ಹಿಡಿದರು, ಒಳ್ಳೆಯ ಕಣ್ಣನ್ನು ಮುಚ್ಚಿ, ಊದಿದ ರೆಪ್ಪೆಯನ್ನು ಬೆರಳಿನಿಂದ ಎತ್ತಿ, ಇದು ಯಾವ ಬಣ್ಣ ಪುಟ್ಟಿ ಅಂದರು, ಮಣ್ಣಿನ ಬಣ್ಣ ಅಂದಳು ಮಗಳು — ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದವಳು, ಸರಿಯಾಗಿ ಮಾತು ಬರುವ ಮೊದಲೇ ರೇಷ್ಮೆ ರಾಶಿಯಿಂದ ಕೆಂಪನ್ನು ಆರಿಸಿ ಕೊಡುತ್ತಿದ್ದವಳು, ಮಣ್ಣಿನ ಬಣ್ಣ ಅಂದಳು. ಮೂಗಿನ ಪಕ್ಕದ ಮೂಳೆಯೊಳಗೆ ಕೀವು ತುಂಬಿದೆಯಮ್ಮಾ, ಕಣ್ಣಿನ ಹಿಂದಕ್ಕೆ ಹೋಗಿ ನರ ಒತ್ತುತ್ತಿದೆ, ಇವತ್ತೇ ದಾವಣಗೆರೆಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡಿಸಬೇಕು, ತಡವಾದ್ರೆ ಕಣ್ಣು ಹೋಗುತ್ತೆ, ಮಿದುಳಿಗೂ ಹಬ್ಬಬಹುದು, ನೆಗಡಿ ಯಾವಾಗಿನಿಂದ ಇತ್ತು? ನೆಗಡಿಯಂತೆ, ನೆಗಡಿಯನ್ನು ಆ ಮನೆಯಲ್ಲಿ ಯಾರು ನೋಡಿದರು, ಹಳದಿ ಸಿಂಬಳ ಸುರಿಯುತ್ತಿತ್ತು, ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ಹಣೆ ನೋಯ್ತದಮ್ಮ ಅಂತ ಮಗ್ಗದ ಕಂಬಕ್ಕೆ ತಲೆ ಒತ್ತಿಕೊಂಡು ಕೂರುತ್ತಿದ್ದಳು, ಗೋಪಿ, ಹೆತ್ತ ಅಪ್ಪ, ಲಾಳಿ ನಿಲ್ಲಿಸದೆಯೇ ಎಲ್ಲಾ ಮಕ್ಳಿಗೂ ಐತೆ ಬಿಡು ಅಂದ, ಸೀರೆಯಲ್ಲಿ ಒಂದೆಳೆ ತಪ್ಪಿದರೆ ಅಷ್ಟು ದೂರದಿಂದ ಕಾಣುತ್ತದೆ ಅವನಿಗೆ, ಮಗಳು ಕಾಣಲಿಲ್ಲ. ಕಣ್ಣು ಊದಿ ಮುಚ್ಚಿಕೊಂಡ ಬೆಳಗ್ಗೆ ಮಾತ್ರ ಎಲ್ಲರೂ ಓಡಿ ಬಂದರು, ಎಲ್ಲರಿಗಿಂತ ಮುಂದೆ ಅತ್ತೆ ಎರ್ರಮ್ಮ, ಮಗ್ಗದ ಮುಂದಿನಿಂದ ಎದ್ದು, ಏಮೀ ಲೇದಮ್ಮಾ, ಏನೂ ಇಲ್ಲ, ಕಣ್ಣಾಗೆ ಜರಿ ಬಿದ್ದೈತೆ, ಅಷ್ಟೇ. ಬೀದಿಯವರ ಕಣ್ಣಿನಿಂದೆಲ್ಲ ಜರಿ ತೆಗೆದ ನಾಲಿಗೆ ಅದು, ರೆಪ್ಪೆ ಬಿಡಿಸಿ ನಾಲಿಗೆಯ ತುದಿ ಆಡಿಸಿದರು, ಮಗು ಚೀರಿತು, ಹೊರಚಾಚಿ ತೋರಿಸಿದರು, ನೋಡು, ತುದಿಯಲ್ಲಿ ಹೊಳೆಯುವ ಜರಿಯ ಚೂರು. ಇನ್ನೇನು ಬೇಕು, ಜರಿ ಬಂತಲ್ಲ, ಊತ ತಾನೇ ಇಳೀತದೆ, ಆಸ್ಪತ್ರೆ ಯಾಕೆ, ರಂಜಿತಾಳೂ ನಂಬಿದಳು, ಆ ನಾಲಿಗೆಗೆ ಕೈ ಮುಗಿದಳು, ಊತ ಇಳಿಯಲಿಲ್ಲ, ನಾಳೆ ನೋಡಾನ ಅಂದ ಗೋಪಿ, ಆ ನಾಳೆಗೆ ಬೆಂಕಿ ಬೀಳಲಿ. ಈಗ ಅತ್ತೆ ಪಕ್ಕದಲ್ಲೇ ಕೂತಿದ್ದಾರೆ, ಪೇಟೆಗೆಂದು ಉಟ್ಟ ಒಳ್ಳೆಯ ಸೀರೆಯಲ್ಲಿ, ದೇವರ ಹೆಸರು ಗೊಣಗುತ್ತಾ, ಕೈ ಮಾತ್ರ ಸುಮ್ಮನಿಲ್ಲ, ಸೆರಗಿನಂಚಲ್ಲಿ ಎದ್ದ ಜರಿ ಎಳೆಯನ್ನು ಹಿಡಿದು ಹಲ್ಲಿನಿಂದ ಕಟ್ ಎಂದು ಕಡಿದರು — ಮಗ್ಗದ ಮುಂದೆ ಕಡಿಯುವ ಹಾಗೆಯೇ, ಕತ್ತರಿ ಯಾವತ್ತು ಮುಟ್ಟಿದ್ದಾರೆ ಇವರು, ದಿನವಿಡೀ ಕಡಿಯುತ್ತಾರೆ, ಆ ಬೆಳಗ್ಗೆಯೂ, ಮಗುವಿನ ಕಣ್ಣಿಗೆ ಬಾಗುವ ಮೊದಲೂ... ರಂಜಿತಾ ಅತ್ತೆಯ ಕಡೆ ತಿರುಗಿದಳು. ಅತ್ತೆ, ನಾಲಿಗೆ ತೋರ್ಸ್ರಿ. ಯಾಕಮ್ಮಾ? ತೋರ್ಸ್ರಿ ಅಂದೆ. ಹೊರಗೆ ಆಂಬುಲೆನ್ಸ್ ಬಂದು ನಿಂತ ಸದ್ದು, ಯಾರೋ ಲಾಸ್ಯ ಎಂದು ಕೂಗುತ್ತಿದ್ದಾರೆ, ಏಳಬೇಕು, ಮಗುವನ್ನು ಎತ್ತಿಕೊಳ್ಳಬೇಕು, ಅತ್ತೆ ಬಾಯಿ ತೆರೆಯುತ್ತಾರೆ, ನಾಲಿಗೆಯ ತುದಿಯಲ್ಲಿ ಜರಿ, ಹೊಳೆಯುತ್ತಿದೆ, ಜರಿ.