ಕಲಿಯುವವರ ಬೆಣೆ

ಅಕ್ಕನ ಕೈಯಲ್ಲಿದ್ದ ಎರಡು ಹಿಡಿಯ ಕತ್ತಿ ಮತ್ತೆ ಜಾರಿತು. ತೊಗಟೆಯ ಜೊತೆಗೆ ಒಳಗಿನ ಬಿಳಿ ಮರವೂ ಉಗುರಿನಷ್ಟು ಎದ್ದು ಬಂತು.

"ಈ ಮರಾನೇ ಸರಿ ಇಲ್ಲ," ಎಂದಳು ಅಕ್ಕ.

ಬಿಲ್ಲು ಮಾಡುವುದು ಅಕ್ಕತಂಗಿಯರ ಕಸುಬು. ಮರ ಬೆಳಿಗ್ಗೆ ತಾನೇ ಕಡಿದದ್ದು, ಗಂಟಿಲ್ಲದ್ದು, ಅಕ್ಕನೇ ತಟ್ಟಿ ನೋಡಿ ಆರಿಸಿದ್ದು. ತೊಗಟೆಯ ಕೆಳಗಿನ ಮೈಯೇ ಬಿಲ್ಲಿನ ಬೆನ್ನು. ಅಲ್ಲೊಂದು ಗೀರು ಬಿದ್ದರೆ, ಬಿಲ್ಲು ಬಗ್ಗಿಸಿದ ದಿನ ಅಲ್ಲೇ ಮುರಿಯುತ್ತದೆ. ಹೀಗೆ ಹಾಳಾದ ತುಂಡು ಇದು ಎರಡನೆಯದು. ತಂಗಿ ಕೆಲಸ ಕಲಿಯುವಾಗ ಕತ್ತಿಯನ್ನೋ ಮರವನ್ನೋ ದೂರಿದರೆ, "ಕುಣಿಯಲಾರದವಳಿಗೆ ನೆಲ ಡೊಂಕು" ಎಂದು ಬೀದಿಗೆಲ್ಲ ಕೇಳುವ ಹಾಗೆ ಆಡಿಕೊಂಡವಳು ಅಕ್ಕ. ಈಗ ಆ ಗಾದೆ ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ನಡುಗುವ ಕೈ ನೋಡಿ ಅದನ್ನು ನುಂಗಿಕೊಂಡಳು.

ಇನ್ನೂ ನಾಲ್ಕು ತುಂಡುಗಳಿದ್ದವು. ಹಸಿ ಇರುವಾಗಲೇ ಸುಲಿಯಬೇಕು. ಒಣಗಿದರೆ ತೊಗಟೆ ಕಚ್ಚಿಕೊಂಡು ಕೂರುತ್ತದೆ. ಆದರೆ ಅಕ್ಕನಿಗೆ ಕತ್ತಿ ಕೆಳಗಿಡು ಎನ್ನುವುದು ಹೇಗೆ? ಇಟ್ಟರೆ ನಾಳೆಯಿಂದ ಈ ಕೆಲಸದ ಕೋಣೆಗೆ ಕಾಲಿಡುತ್ತಾಳೋ ಇಲ್ಲವೋ.

ತಂಗಿ ಹಾಳಾದ ತುಂಡಿನ ತುದಿಯನ್ನು ಗರಗಸದಿಂದ ಕೊಯ್ದು, ಉಳಿಯಿಂದ ಒಂದು ಬೆಣೆ ಕೆತ್ತಿದಳು. ಮುಂದಿನ ತುಂಡಿನ ತೊಗಟೆಯಡಿ ಅದನ್ನು ತೂರಿಸಿದಳು.

"ಇದೇನೇ, ಕಲಿಯೋರ ಬೆಣೆ ಅಲ್ವಾ? ನಿಂಗೆ ಕೈ ಪಳಗದೇ ಇದ್ದಾಗ ನಾನು ಮಾಡ್ಕೊಟ್ಟಿದ್ದೆ."

"ಇವತ್ತು ಕತ್ತಿ ನನ್ನ ಮಾತು ಕೇಳ್ತಿಲ್ಲ ಅಕ್ಕ."

"ನೀನು ಇವತ್ತು ಕತ್ತಿ ಮುಟ್ಟೇ ಇಲ್ಲ."

ಸುಳ್ಳು ಹೇಳುವುದು ತಂಗಿಗೆ ಎಂದೂ ಬಂದಿರಲಿಲ್ಲ. "ನಿನ್ನ ಕೈ ನಡುಗ್ತಿದೆ," ಎಂದಳು. "ಇನ್ನೊಂದು ಹಾಳಾದ್ರೆ ನಂಗೆ ನೋಡೋಕಾಗಲ್ಲ."

ಅಕ್ಕ ಸ್ವಲ್ಪ ಹೊತ್ತು ತನ್ನ ಕೈಗಳನ್ನೇ ನೋಡಿದಳು. ಆಮೇಲೆ ಬೆಣೆ ಕಸಿದುಕೊಂಡು ಬೆರಳಲ್ಲಿ ಸವರಿದಳು.

"ಬಾಯಿ ಇನ್ನೂ ಚೂಪಾಗಿದೆ. ಮೊಂಡು ಮಾಡಿ ಕೊಡು, ಮರ ಗೀರಬಾರದು. ಇಷ್ಟು ವರ್ಷ ಏನು ಕಲ್ತೆಯೋ."

ತಂಗಿ ಕಲ್ಲಿಗೆ ಉಜ್ಜಿ ಕೊಟ್ಟಳು. ಅಕ್ಕ ಅದನ್ನು ತೊಗಟೆಯಡಿ ತೂರಿಸಿ ನಿಧಾನವಾಗಿ ತಳ್ಳಿದಳು. ಕೈ ನಡುಗಿತು, ಬೆಣೆಯೂ ನಡುಗಿತು, ಮರಕ್ಕೆ ಮಾತ್ರ ಏನೂ ಆಗಲಿಲ್ಲ. ತೊಗಟೆ ಬುಡದಿಂದ ತುದಿಯವರೆಗೆ ಒಂದೇ ಪಟ್ಟಿಯಾಗಿ ಎದ್ದು ಬಂತು.

ಸಂಜೆ ತಂಗಿ ತುಂಡುಗಳ ತುದಿಗೆ, ಒಣಗುವಾಗ ಸೀಳದಿರಲೆಂದು, ಮೇಣ ಬಳಿಯುತ್ತಿದ್ದಳು. ಅಕ್ಕ ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು, ಕೈ ಜಾರದಿರಲೆಂದು ತಾನೇ ಹಿಡಿಗಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ತಂಗಿ ಸಹಾಯಕ್ಕೆ ಹೋಗಲಿಲ್ಲ. ಬಿಚ್ಚಿ ಮುಗಿದ ಮೇಲೆ ಅಕ್ಕ ಆ ಕತ್ತಿಯನ್ನು ಹಲಗೆಯ ಮೇಲೆ, ಹಿಡಿಗಳು ತಂಗಿಯ ಕಡೆಗಿರುವಂತೆ ತಿರುಗಿಸಿಟ್ಟು, ಬೆಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.