ಮೇಲೆ, ಇನ್ನೂ ಮೇಲೆ

ಲೋಕೇಶ ಕೆಟ್ಟವನಲ್ಲ. ಹೊಣಕೆರೆ ಕಡೆ ಯಾರನ್ನು ಬೇಕಾದರೂ ಕೇಳಿ, ‘ಪಾಪ, ಒಳ್ಳೇ ಮನುಷ್ಯ’ ಅಂತಲೇ ಹೇಳುತ್ತಾರೆ. ಒಳ್ಳೆಯವನಾಗಿದ್ದು ಏನು ಬಂತು! ಒಂದು ಮಾತು ಬಾಯಿಬಿಟ್ಟು ಹೇಳಲು ಈ ಮಹರಾಯನಿಗೆ ಇಪ್ಪತ್ತಾರು ವರ್ಷ ಹಿಡಿಯಿತು.

ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಮೂವರು ಗೆಳೆಯರು ಫೋನಿನಲ್ಲಿ ಮುಖ ನೋಡಿಕೊಂಡು ಆಡುತ್ತಿದ್ದರು. ನಾಗಮಂಗಲದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಲೋಕೇಶ ತನ್ನೂರಿನ ಹಾಲಿನ ಡೈರಿಗೆ ಸೆಕ್ರೆಟರಿ. ನಿಂಗರಾಜುವಿಗೆ ಬಾಬುರಾಯನಕೊಪ್ಪಲಿನ ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ. ಧರ್ಮೇಂದ್ರ ಹೊಸಹೊಳಲಿನಲ್ಲಿ ಮನೆ ಮಾಡಿಕೊಂಡು ಕೆ.ಆರ್. ಪೇಟೆಯಲ್ಲಿ ಮೇಷ್ಟ್ರಾಗಿದ್ದ. ಆಟವೇನೂ ಘನಂದಾರಿಯದಲ್ಲ. ಉತ್ತರ ಒಂದು ಸಂಖ್ಯೆಯಾಗಿರುವಂಥ ಪ್ರಶ್ನೆಯನ್ನು ಒಬ್ಬ ಕೇಳಬೇಕು, ಮಿಕ್ಕವರು ಊಹಿಸಬೇಕು. ಕೇಳಿದವನು ‘ಮೇಲೆ’ ಅನ್ನಬಹುದು, ‘ಕೆಳಗೆ’ ಅನ್ನಬಹುದು, ಬೇರೆ ಮಾತಿಗೆ ತುಟಿ ಬಿಚ್ಚುವಂತಿಲ್ಲ. ಎಂಟು ಸಲದೊಳಗೆ ಮುಟ್ಟದವನು ಮುಂದೆ ಸಿಕ್ಕಾಗ ಎಲ್ಲರಿಗೂ ಬೋಂಡ ಕೊಡಿಸಬೇಕು.

ಆಷಾಢದಲ್ಲಿ ಧರ್ಮೇಂದ್ರನ ತಾಯಿ ಚಿಕ್ಕಬೋರಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಂದಿನಿಂದ ಅವಳ ಮಂಚದ ಪಕ್ಕದಲ್ಲೇ ಧರ್ಮೇಂದ್ರನ ಆಟ. ಹೀಗೆ ಅವಳೂ ಸೇರಿಕೊಂಡಳು.

“ಮನುಷ್ಯನ ಮೈನಾಗೆ ಎಷ್ಟು ಮೂಳೆ ಅವೆ ಯೋಳ್ರಲಾ” ಅಂತ ಒಂದು ಭಾನುವಾರ ಲೋಕೇಶ ಕೇಳಿದ.

“ನೂರು” ಅಂದ ನಿಂಗರಾಜು.

“ಮೇಲೆ.”

“ಮುನ್ನೂರು.”

“ಕೆಳಗೆ.”

ಮೇಷ್ಟ್ರು ಧರ್ಮೇಂದ್ರ ಮೀಸೆಯಡಿಯಲ್ಲಿ ನಕ್ಕು, “ಇನ್ನೂರಾರು” ಅಂದ.

ಮಂಚದ ಮೇಲಿನಿಂದ ದನಿ ಬಂತು. “ನಂಗೆ ಇನ್ನೂರೇಳು ಅಂತ ಬರ್ಕಳಪ್ಪ. ಒಂದು ಮುರ್ದು ಎಲ್ಡಾಗೈತೆ.”

ಮೂವರೂ ಬಿದ್ದು ಬಿದ್ದು ನಕ್ಕರು. ಲೋಕೇಶನ ನಗು ಮಾತ್ರ ಅರ್ಧಕ್ಕೇ ನಿಂತಿತು. ಯಾಕೆಂದು ಹೇಳುತ್ತೇನೆ.

ಆಗ ಲೋಕೇಶನಿಗೆ ಇಪ್ಪತ್ತು. ಚಿಕ್ಕಬೋರಮ್ಮ ಆಗ ಅವನೂರಿನಲ್ಲೇ ಇದ್ದಳು. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೇ. ಹಾಲಿಗೆ ಗಾಜಿನ ಲ್ಯಾಕ್ಟೋಮೀಟರ್ ಕಡ್ಡಿ ಇಳಿಬಿಟ್ಟರೆ ಅದು ತೇಲುತ್ತಾ ಡಿಗ್ರಿ ತೋರಿಸುತ್ತದೆ. ಇಪ್ಪತ್ತಾರಕ್ಕಿಂತ ಕೆಳಗೆ ಬಂದರೆ ನೀರು ಬೆರೆತಿದೆ ಅಂತ ಲೆಕ್ಕ. ಆದರೆ ಆಗತಾನೇ ಕರೆದ ಹಾಲನ್ನು ಹಾಗೆ ನೋಡಬಾರದು. ಬಿಸಿ ಆರಬೇಕು, ನೊರೆ ಇಳಿಯಬೇಕು. ಇಲ್ಲದಿದ್ದರೆ ಅಪ್ಪಟ ಹಾಲೂ ಕಡಿಮೆ ತೋರಿಸುತ್ತದೆ. ಡೈರಿಯವರಿಗೆ ಇದು ಅ ಆ ಇ ಈ ಇದ್ದ ಹಾಗೆ.

ಅವತ್ತು ಬೆಳಗ್ಗೆ ಸೂಪರ್‌ವೈಸರು ಬಂದು ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ. ಚಿಕ್ಕಬೋರಮ್ಮ ಹಸು ಕರೆದು, ಹೊತ್ತಾಯಿತೆಂದು ಓಡೋಡಿ ಬಂದವಳು ನೊರೆ ನೊರೆ ಹಾಲನ್ನೇ ಮುಂದಿಟ್ಟಳು. ಲೋಕೇಶ ಕಾಯಲಿಲ್ಲ. ತನ್ನ ಚುರುಕುತನ ತೋರಿಸಬೇಕಲ್ಲ! ಕಡ್ಡಿ ಇಳಿಬಿಟ್ಟು, “ಇಪ್ಪತ್ತೈದು!” ಅಂತ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದ.

“ನೀರು ನಾನು ಆಕ್ನಿಲ್ಲ ಕಣ್ ಮಗ” ಅಂದಳು ಚಿಕ್ಕಬೋರಮ್ಮ. ಅಷ್ಟೇ ಅಂದದ್ದು. ಸೂಪರ್‌ವೈಸರು ಹಾಲು ವಾಪಸ್ ಅಂತ ಬರೆದುಕೊಂಡ. ಅವಳು ಕ್ಯಾನು ಸೊಂಟಕ್ಕೇರಿಸಿಕೊಂಡು ಇಡೀ ಬೀದಿ ನೋಡುವಂತೆ ಹೋದಳು.

ಎಲ್ಲ ಮುಗಿದ ಮೇಲೆ ಲೋಕೇಶ ಅವಳ ಹಾಲಿನ ಸ್ಯಾಂಪಲ್ ಚೆಲ್ಲಲು ಹೋದವನು, ಯಾಕೋ ಅನುಮಾನ ಬಂದು ಆರಿದ ಹಾಲಿಗೆ ಇನ್ನೊಮ್ಮೆ ಕಡ್ಡಿ ಇಳಿಬಿಟ್ಟ. ಇಪ್ಪತ್ತೆಂಟು. ಕಣ್ಣುಜ್ಜಿಕೊಂಡು ನೋಡಿದ. ಇಪ್ಪತ್ತೆಂಟೇ. ಹೋಗಿ ಹೇಳಿದರೆ ಕೆಲಸ ಹೋಗುತ್ತದೆ ಅನ್ನಿಸಿತು. ಹಾಲನ್ನು ಮೋರಿಗೆ ಚೆಲ್ಲಿ ಕೈ ತೊಳೆದುಕೊಂಡ. ಥೂ, ಎಂಥ ಕೈ ತೊಳೆಯುವುದು!

ಊರವರು ಚಿಕ್ಕಬೋರಮ್ಮನಿಗೆ ‘ನೀರವ್ವ’ ಅಂತ ಹೆಸರಿಟ್ಟರು. ಅವಳು ಮತ್ತೆ ಡೈರಿಯ ಮೆಟ್ಟಿಲು ಹತ್ತಲಿಲ್ಲ. ಮೂರು ತಿಂಗಳಿಗೆ ಹಸು ಮಾರಿ, ಹೊಸಹೊಳಲಿನಲ್ಲಿದ್ದ ತಮ್ಮನ ಮನೆಗೆ ಹೊರಟುಹೋದಳು. ಕಾಲೇಜಿನಿಂದ ಬಂದ ಧರ್ಮೇಂದ್ರ, “ನೀನೇನ್ ಮಾಡ್ತೀಯ ಬುಡ್ಲಾ, ನಿನ್ ಕೆಲ್ಸ ನೀನ್ ಮಾಡ್ದೆ” ಅಂದಿದ್ದ. ಎಷ್ಟು ದೊಡ್ಡ ಮನಸ್ಸಪ್ಪ ಇವನದು ಅಂದುಕೊಂಡ ಲೋಕೇಶ, ಆ ಮಾತಿನ ಮರೆಯಲ್ಲೇ ಅಷ್ಟು ವರ್ಷ ಬಚ್ಚಿಟ್ಟುಕೊಂಡ.

ಈಗ ಆ ಮುದುಕಿ ವಾರವಾರವೂ ಅವನ ಫೋನಿನೊಳಗೆ ಬಂದು ಕೂರುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವಳೇ ಕೇಳಿದಳು. “ಲೇ ಲೋಕೇಸ, ಈಗ್ಲೂ ಅದೇ ಕಡ್ಡಿ ಬುಟ್ಟು ನೋಡ್ತೀಯೇನ್ಲಾ ಹಾಲ್ನ?”

“ಇಲ್ಲ ಕಣ್ ದೊಡ್ಡವ್ವ. ಈಗ ಮಿಷನ್ನು ಬಂದೈತೆ.”

“ಮಿಷನ್ನೇ ಒಳ್ಳೇದು ಬುಡು” ಅಂದಳು ಅವಳು. ಸಿಟ್ಟಿಲ್ಲ, ಕುಟುಕಿಲ್ಲ. ಅಲ್ಲೇ ಹೇಳಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ನಿಂಗರಾಜು ಮುಂದಿನ ಪ್ರಶ್ನೆ ಕೇಳಿದ, ಇವನಿಗೂ ಅದೇ ಬೇಕಾಗಿತ್ತು. ಬರುವ ಭಾನುವಾರ ಖಂಡಿತ ಹೇಳಿಬಿಡುತ್ತೇನೆ ಅಂದುಕೊಂಡ.

ಗುರುವಾರ ಚಿಕ್ಕಬೋರಮ್ಮ ತೀರಿಕೊಂಡಳು.

ಲೋಕೇಶ ಹೊಸಹೊಳಲಿಗೆ ಹೋಗಿ ಮಣ್ಣು ಹಾಕಿ ಬಂದ. ತಿಥಿಗೂ ಹೋದ. ಊಟದ ಎಲೆಯ ಮುಂದೆ ಕೂತು ತಲೆ ಎತ್ತಲಿಲ್ಲ. ಜನ, ಪಾಪ, ಎಷ್ಟು ಹಚ್ಚಿಕೊಂಡಿದ್ದ ಅಂದರು.

ಆಟ ಮತ್ತೆ ಶುರುವಾಗಿದ್ದು ತಿಂಗಳ ಮೇಲೆ. ಯಾರಿಗೂ ಮನಸ್ಸಿರಲಿಲ್ಲ. ನಿಂಗರಾಜು ಸ್ವಲ್ಪ ಹೊತ್ತಿಗೇ ಲಾರಿ ಬಂತೆಂದು ಎದ್ದುಹೋದ. ಉಳಿದವರು ಇಬ್ಬರೇ.

“ನಿಂದೇ ಸರದಿ, ಕೇಳ್ಲಾ” ಅಂದ ಧರ್ಮೇಂದ್ರ.

ಲೋಕೇಶನಿಗೆ ನೇರವಾಗಿ ಹೇಳುವ ಧೈರ್ಯ ಆಗಲೂ ಬರಲಿಲ್ಲ. ಆಟದ ಪ್ರಶ್ನೆ ಮಾಡಿ ಕೇಳಿದ. “ಅವತ್ತು ಡೈರಿಗೆ ನಿಮ್ಮವ್ವ ತಂದಿದ್ದ ಹಾಲು... ಎಷ್ಟು ಡಿಗ್ರಿ ಇತ್ತು?”

“ಅದ್ಯಾಕ್ಲಾ ಈಗ?”

“ಯೋಳ್ಲಾ. ಕೈ ಮುಗೀತೀನಿ, ಯೋಳು.”

ಧರ್ಮೇಂದ್ರ “ಹದಿನೆಂಟು” ಅಂದ.

“ಮೇಲೆ.”

“ಇಪ್ಪತ್ತು.”

“ಇನ್ನೂ ಮೇಲೆ.”

“ಇಪ್ಪತ್ನಾಕು.”

“ಮೇಲೆ ಕಣ್ಲಾ.”

“ಇಪ್ಪತ್ತಾರು” ಅನ್ನುವಾಗ ಧರ್ಮೇಂದ್ರನ ದನಿ ಬೇರೆಯಾಗಿತ್ತು. ಡೈರಿಗೆ ಹಾಲು ಹಾಕಿ ಓದಿಸಿದ ಮನೆಯ ಮಗ, ಆ ಸಂಖ್ಯೆಯ ಅರ್ಥ ಅವನಿಗೆ ಗೊತ್ತಿಲ್ಲವೇ.

“ಮೇಲೆ” ಅಂದ ಲೋಕೇಶ. ಅಳು ಬಂದುಬಿಟ್ಟಿತ್ತು. “ಇಪ್ಪತ್ತೆಂಟು ಇತ್ತು ಕಣ್ಲಾ. ಬಿಸಿ ಹಾಲ್ಗೇ ಕಡ್ಡಿ ಬುಟ್ಬುಟ್ಟೆ. ಆರಿದ್ಮೇಲೆ ನೋಡ್ದೆ, ಇಪ್ಪತ್ತೆಂಟು. ನೋಡಿ ಸುಮ್ನಾಗ್ಬುಟ್ಟೆ. ಉಗಿ ನಂಗೆ, ಬಯ್ಯಿ.”

ಧರ್ಮೇಂದ್ರ ಬಯ್ಯಲಿಲ್ಲ. ಅವನು ಲೋಕೇಶನನ್ನು ನೋಡುತ್ತಲೇ ಇರಲಿಲ್ಲ.

“ನಾನು ಹದಿನೆಂಟು ಅಂದೆ ಕಣ್ಲಾ” ಅಂದ. “ಎತ್ತ ಮಗ ನಾನು. ಇಷ್ಟು ವರ್ಸ ನೀರಾಕಿದ್ಲು ಅಂತ್ಲೇ ನಂಬಿದ್ದೆ. ನನ್ ಕಾಲೇಜ್ ಫೀಸ್ಗೆ ಆಕಿರ್ಬೋದು ಅಂದ್ಕಂಡು ನಾನೇ ಕ್ಷಮಿಸ್ಬುಟ್ಟಿದ್ದೆ! ಸಾಯೋ ಇಂದ್ಲ ದಿನ ಕೈ ಇಡ್ಕಂಡು ‘ನಾನು ಆಕ್ನಿಲ್ಲ ಕಣಪ್ಪ’ ಅಂದ್ಲು. ನಾನೇನಂದೆ ಗೊತ್ತಾ? ‘ಓಗ್ಲಿ ಬುಡವ್ವ, ಆಕಿದ್ರೂ ಏನೀಗ’ ಅಂದೆ. ಆಮ್ಯಾಕೆ ಅವ್ಳು ಮಾತೇ ಆಡ್ನಿಲ್ಲ.”

ಫೋನಿನಲ್ಲಿ ಧರ್ಮೇಂದ್ರನ ಮುಖ ಅಲುಗಾಡಿ ಮರೆಯಾಯಿತು. ಫೋನನ್ನು ಮಂಚದ ಮೇಲೆ ಇಟ್ಟಿದ್ದ. ಮೇಲಿನ ಫ್ಯಾನು ಮಾತ್ರ ಕಾಣುತ್ತಿತ್ತು. ಅವನು ಎದ್ದು ನಡೆದದ್ದು ಕೇಳಿಸಿತು. ತಿಥಿಯ ದಿನ ಲೋಕೇಶ ನೋಡಿದ್ದ, ಚಿಕ್ಕಬೋರಮ್ಮನ ಫೋಟೋ ತೂಗುಹಾಕಿದ್ದು ಎದುರುಗೋಡೆಯ ಮೇಲೆ.

“ಅವ್ವಾ” ಅಂದಿತು ದೂರದಿಂದ ಧರ್ಮೇಂದ್ರನ ದನಿ, ಕಿವಿ ಮಂದವಾದವರಿಗೆ ಹೇಳುವಷ್ಟು ಜೋರಾಗಿ. “ಇಪ್ಪತ್ತೆಂಟಂತೆ ಕಣವ್ವ. ನೀನು ಆಕಿರ್ನಿಲ್ವಂತೆ.”