ಫಾದರ್ ಕುರ್ಚಿಯಲ್ಲಿ ಟೆಸ್ಟರ್

೧

ಇದನ್ನು ಎಲ್ಲಿಂದ ಶುರು ಮಾಡಲಿ? ದೇವರು ಒಬ್ಬನನ್ನು ಕರೆಯುವ ಕಥೆ ಎಂದು ಮೊದಲ ಡ್ರಾಫ್ಟಿನಲ್ಲಿ ಮುಗಿಲು ಸೀಳಿ ಬೆಳಕು ಇಳಿಸಿದೆ. ನನ್ನ ನಾಯಕ ತಲೆ ಎತ್ತಿ ನೋಡಿ, "ಅರ್ಥಿಂಗ್ ಸರಿ ಇಲ್ಲ ಸಾರ್," ಎಂದ. ವೈರ್‌ಮ್ಯಾನ್ ಅವನು. ಆ ಹಾಳೆ ಹರಿದು ಹಾಕಿದೆ.

೨

ಬೀದಿಯವರೆಲ್ಲ ಅವನನ್ನು ಟೆಸ್ಟರ್ ಎಂದೇ ಕರೆಯುತ್ತಾರೆ. ಜೇಬಿನಲ್ಲಿ ಸದಾ ಒಂದು ಟೆಸ್ಟರ್ ಇರುತ್ತದೆ. ಅದು ಮಿನುಗದ ಹೊರತು, ಯಾರು ಆಣೆ ಹಾಕಿದರೂ ಕರೆಂಟಿದೆ ಎಂದು ನಂಬುವವನಲ್ಲ. ದೇವರ ವಿಷಯದಲ್ಲೂ ಅದೇ ರೂಲು. ಆದರೂ ಚರ್ಚಿನಲ್ಲಿ ಭಾನುವಾರದ ಪೂಜೆಯನ್ನು ಒಂದು ಸಲವೂ ತಪ್ಪಿಸಿಲ್ಲ. ಅಮ್ಮನ ಪಕ್ಕದಲ್ಲಿ, ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂರುತ್ತಾನೆ.

"ನಂಬಿಕೆ ಇಲ್ಲ ಅಂದ್ಮೇಲೆ ಯಾಕಯ್ಯ ಹೋಗ್ತೀಯ?" ಎಂದು ಕೇಳಿದೆ.

"ಹೋಗ್ದಿದ್ರೆ ಅಮ್ಮ ಎದೆ ಒಡ್ಕೊಂಡು ಸಾಯ್ತಾಳೆ. ಬರೆಯೋರು ನೀವು, ಇಷ್ಟೂ ಗೊತ್ತಿಲ್ವಾ?"

(ಗೊತ್ತಿರಲಿಲ್ಲ. ಬರೆದುಕೊಂಡೆ.)

೩

ಕರೆ ಕೊನೆಗೂ ಬಂತು, ಮೊಬೈಲಿಗೆ. ಮಾಡಿದವರು ಚರ್ಚಿನ ಫಾದರ್. ಪಾಪನಿವೇದನೆಯ ಗೂಡಿನ ದೀಪ ಕೆಟ್ಟಿದೆಯಂತೆ.

ನೋಡಿಲ್ಲದವರಿಗೆ ಹೇಳಿಬಿಡುತ್ತೇನೆ. ಅದೊಂದು ಮರದ ಗೂಡು. ನಡುವೆ ಜಾಲರಿ. ಒಂದು ಕಡೆ ಪರದೆಯ ಹಿಂದೆ ಫಾದರ್ ಕೂರುತ್ತಾರೆ, ಇನ್ನೊಂದು ಕಡೆ ನಾವು ಮೊಣಕಾಲೂರಿ ಪಾಪ ಒಪ್ಪಿಕೊಳ್ಳುತ್ತೇವೆ. ಇಲ್ಲಿ ಫಾದರ್ ಕುರ್ಚಿಯ ಅಡಿಯಲ್ಲೊಂದು ಸ್ವಿಚ್ಚಿದೆ. ಕೂತರೆ ಹೊರಗೆ ಹಸಿರು ದೀಪ ಹತ್ತುತ್ತದೆ, ಎದ್ದರೆ ಆರುತ್ತದೆ. ಹಸಿರು ಎಂದರೆ ಫಾದರ್ ಒಳಗಿದ್ದಾರೆ, ಬನ್ನಿ ಎಂದು.

ಫಾದರ್ ಆಫೀಸಿನ ಕಡೆ ಹೋದರು. ಟೆಸ್ಟರ್ ಸಡಿಲವಾಗಿದ್ದ ವೈರು ಬಿಗಿದ. ಕೆಲಸ ಸರಿಯಾಯಿತೇ ಎಂದು ನೋಡಲು ಕುರ್ಚಿಯ ಮೇಲೆ ಭಾರ ಬೀಳಬೇಕಲ್ಲ, ಕೂತ. ಪರದೆ ತಾನಾಗಿ ಇಳಿಬಿತ್ತು. ದೀಪ ಹತ್ತಿದೆ ಎಂದು ಅವನಿಗೆ ತಿಳಿದದ್ದು ಜಾಲರಿಯ ಆಚೆ ಯಾರೋ ಬಂದು ಮೊಣಕಾಲೂರಿದಾಗ.

"ಆಶೀರ್ವಾದ ಮಾಡಿ ಫಾದರ್, ಪಾಪ ಮಾಡಿದ್ದೀನಿ."

ಅಮ್ಮನ ದನಿ.

೪

"ಇದು ಅನ್ಯಾಯ ಸಾರ್," ಟೆಸ್ಟರ್ ನನ್ನ ಕಡೆ ತಿರುಗಿ ಹಲ್ಲು ಕಡಿದ. "ಇಷ್ಟು ಜನ ಪಾಪಿಗಳಿರುವಾಗ ಇವಳೇ ಬೇಕಿತ್ತಾ ನಿಮಗೆ?"

"ಬೇರೆ ಯಾರಾದ್ರೂ ಆಗಿದ್ರೆ ನೀನು ಎದ್ದು ಹೋಗ್ತಿದ್ದೆ."

ಅಷ್ಟರಲ್ಲಿ ಅವಳು ಶುರು ಮಾಡಿಯಾಗಿತ್ತು.

"ನಮ್ಮನೆಯವರು ತೀರ್ಕೊಂಡ ಮೇಲೆ ನಂಗೆ ದೇವರು ಅನ್ನೋದೇ ಇಲ್ಲ ಫಾದರ್. ಹತ್ತು ವರ್ಷ ಆಯ್ತು. ಜಪಮಾಲೆ ಹಿಡಿದ್ರೆ ಬೆರಳು ಓಡುತ್ತೆ, ಆ ಕಡೆ ಯಾರೂ ಇಲ್ಲ. ಆದ್ರೆ ನನ್ನ ಮಗ ಇದ್ದಾನಲ್ಲ, ದೊಡ್ಡ ಭಕ್ತ. ಒಂದು ಭಾನುವಾರ ತಪ್ಪಿಸಲ್ಲ. ನಾನು ಬಿಟ್ರೆ ಅವನು ಕುಸಿದು ಹೋಗ್ತಾನೆ ಅಂತ ಬರ್ತೀನಿ. ಬರೀ ನಾಟಕ ಆಡ್ತಿದ್ದೀನಿ."

ಟೆಸ್ಟರ್ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಮೊದಲು ನಗು ಬಂತು, ಅದರ ಬೆನ್ನಿಗೇ ಅಳು. ಹತ್ತು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಚರ್ಚಿಗೆ ಎಳೆದುಕೊಂಡು ಹೋಗಿದ್ದರು.

೫

ಮುಕ್ತಾಯ ಒಂದು. ಟೆಸ್ಟರ್ ಫಾದರ್ ಹಾಗೆ ಗಂಟಲು ದಪ್ಪ ಮಾಡಿ ಪಾಪಕ್ಕೆ ಕ್ಷಮೆ ಕೊಡುತ್ತಾನೆ.

"ಅದು ಮಾತ್ರ ಆಗಲ್ಲ," ಎಂದ ಖಡಾಖಂಡಿತವಾಗಿ. "ದೀಕ್ಷೆ ಇಲ್ಲದವನು ಹಾಗೆ ಮಾಡೋದು ಮಹಾಪಾಪ."

"ನೀನು ನಂಬಲ್ಲ ಅಲ್ವಾ?"

"ನಂಬಲ್ಲ. ಆದ್ರೂ ಮಾಡಲ್ಲ."

ಮುಕ್ತಾಯ ಎರಡು. "ಅಮ್ಮಾ, ನಾನು!" ಎಂದು ಹೊರಗೆ ಬರುತ್ತಾನೆ. ತಬ್ಬಿಕೊಂಡು ಅಳುತ್ತಾರೆ. ಇಬ್ಬರಿಗೂ ಬಿಡುಗಡೆ. (ಬರೆಯುತ್ತಾ ನನ್ನ ಕಣ್ಣೂ ಒದ್ದೆಯಾಯಿತು. ಅನುಮಾನ ಬಂದದ್ದೇ ಅದಕ್ಕೆ.)

"ಆಮೇಲೆ ಭಾನುವಾರ ಏನ್ ಮಾಡೋದು ನಾವಿಬ್ರೂ?" ಟೆಸ್ಟರ್ ಮೆಲ್ಲಗೆ ಕೇಳಿದ.

ಆ ಹಾಳೆಯನ್ನೂ ಹರಿದೆ. ಮೂರನೆಯ ಮುಕ್ತಾಯಕ್ಕೆ ಹೊಸ ಹಾಳೆ ತೆಗೆಯುವಷ್ಟರಲ್ಲಿ ಜಾಲರಿಯ ಆಚೆಯಿಂದ ದನಿ ಬಂತು.

"ಫಾದರ್? ಇದ್ದೀರಾ?"

ಹತ್ತು ವರ್ಷ ದೇವರನ್ನು ಇದೇ ಪ್ರಶ್ನೆ ಕೇಳಿ ಉತ್ತರ ಸಿಗದೆ ಎದ್ದು ಹೋದವಳು ಅವಳು. ಇವತ್ತೂ ಸುಮ್ಮನಿದ್ದರೆ ಇನ್ನೆಂದೂ ಕೇಳುವುದಿಲ್ಲ.

"ಏನಾದ್ರೂ ಮಾತು ಕೊಡಿ ಸಾರ್," ಎಂದು ಟೆಸ್ಟರ್ ಅಂಗಲಾಚಿದ. (ನಾನೇ ಪಾಪನಿವೇದನೆ ಮಾಡಿ ಎಷ್ಟು ವರ್ಷವಾಯಿತೋ. ಕೊಡುವುದೇನು?)

"ಇದ್ದೀನಿ," ಎಂದ ಅವನು, ತನ್ನದೇ ದನಿಯಲ್ಲಿ.

ನಾನು ಬರೆದದ್ದಲ್ಲ. ಯಾರು ಹೇಳಿಸಿದರೆಂದು ನನ್ನನ್ನು ಕೇಳಬೇಡಿ.

ಆಚೆ ಕಡೆ ಉಸಿರಿನ ಸದ್ದು ನಿಂತಿತು. ಹೆತ್ತವಳಿಗೆ ಮಗನ ದನಿ ಗುರುತು ಸಿಗದೇ? ಸಿಕ್ಕಿದ್ದರೆ ಎದ್ದು ಹೋಗಬೇಕಿತ್ತು. ಹೋಗಿಲ್ಲ. ಜಾಲರಿಗೆ ಹಣೆ ಒತ್ತಿದ ಸದ್ದು ಮಾತ್ರ ಕೇಳಿಸಿತು.

ಕಥೆ ಮುಗಿಸಬೇಕೆಂದರೆ ಅವನನ್ನು ಎಬ್ಬಿಸಬೇಕು. ಎಬ್ಬಿಸಿದರೆ ದೀಪ ಆರುತ್ತದೆ. ಅಯ್ಯೋ, ಆಫೀಸಿನ ಬಾಗಿಲು ತೆರೆಯಿತು, ಫಾದರ್ ಬರುತ್ತಿದ್ದಾರೆ. ಸುಮ್ಮನೆ ಓದುತ್ತಾ ಕೂತಿದ್ದೀರಲ್ಲ, ಸ್ವಲ್ಪ ಹೋಗಿ ಅವರನ್ನು ಅಲ್ಲೇ ಮಾತಿಗೆ ಹಿಡಿದು ನಿಲ್ಲಿಸಿ. ದೇವರಿದ್ದಾನೋ ಇಲ್ಲವೋ ಎಂದು ಒಂದು ಸಂದೇಹ ಕೇಳಿದರೂ ಸಾಕು, ಬೇಗ ಬಿಡುವವರಲ್ಲ ಅವರು. ಇವರಿಬ್ಬರೂ ಇನ್ನೂ ಒಳಗಿದ್ದಾರೆ.